ಹೇಳದೆ ಕೇಳದೆ ಬಂದು ಹೋದ ಕಪ್ಪು ಹೇನುಗಳಿಗೆ

ನಮ್ಮ ತಾರಸಿಯ ಮೇಲಿನ ಮೂರನೆಯ ಕುಂಡದಲ್ಲಿ, ಬೀನ್ಸ್ ಬಳ್ಳಿಯ ತುದಿಯಿಂದ ನಾಲ್ಕನೆಯ ಎಲೆಯ ಹಿಂಬದಿಯಲ್ಲಿ, ಸಕುಟುಂಬ ಸಪರಿವಾರ ಬಿಡಾರ ಹೂಡಿದ್ದು, ಕಳೆದ ಭಾನುವಾರದಿಂದ ಎಲ್ಲಿದ್ದೀರೆಂಬುದು ಯಾರಿಗೂ ತಿಳಿಯದ ಮಹಾಮಾನ್ಯ ಕಪ್ಪು ಹೇನುಗಳ ಸನ್ನಿಧಾನಕ್ಕೆ, ಅದೇ ಕಟ್ಟಡದ ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ಎರಡೂ ಕೈ ಜೋಡಿಸಿ (ಒಂದು ಕೈಯಲ್ಲಿ ಚಿಮಟವಿದೆ, ಮನ್ನಿಸಬೇಕು) ಸಲ್ಲಿಸುವ ವಂದನೆಗಳು.

ಮಾನ್ಯರೇ,

ತಮ್ಮಲ್ಲಿ ತಾಯಂದಿರು, ಹೆಣ್ಣುಮಕ್ಕಳು, ಮೊಮ್ಮಕ್ಕಳು ಎಲ್ಲರೂ ಕುಶಲವೆಂದು ಭಾವಿಸುತ್ತೇನೆ. ಗಂಡಸರ ಕ್ಷೇಮವನ್ನು ವಿಚಾರಿಸದೆ ಬಿಟ್ಟದ್ದು ಅಗೌರವದಿಂದಲ್ಲ. ಬೇಸಿಗೆಯುದ್ದಕ್ಕೂ ತಮ್ಮ ವಂಶ ಗಂಡಸರ ನೆರವಿಲ್ಲದೆಯೇ ಬೆಳೆಯುತ್ತದೆಂದು ನನ್ನ ಅಕ್ಕ ತಿಳಿಸಿದ ಮೇಲೆ, ವಿಚಾರಿಸಲು ಯಾರೂ ಇಲ್ಲವೆಂಬುದು ಖಚಿತವಾಯಿತು. ಈ ದೂರನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣ ಇದೇ. ತಮ್ಮಲ್ಲಿ ಒಬ್ಬರ ಹೆಸರಿಗೆ ಖಾಸಗಿಯಾಗಿ ಬರೆಯೋಣವೆಂದರೆ, ಪತ್ರ ಮುಗಿಯುವಷ್ಟರಲ್ಲಿ ಅವರು ಅಜ್ಜಿಯಾಗಿರುತ್ತಾರೆ.

ನನ್ನ ಪರಿಚಯ ತಮಗಿದೆ, ಆದರೆ ನೀರು ಸುರಿಯುವವನೆಂದಷ್ಟೇ. ಮೂವತ್ತು ವರ್ಷಗಳಿಂದ ಜನರ ಕೈಗಡಿಯಾರಗಳನ್ನು ಬಿಚ್ಚಿ, ಒರೆಸಿ, ಮತ್ತೆ ಮುಚ್ಚುವ ಕೆಲಸ ನನ್ನದು. ಕೆಳಗೆ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ನಾನೂ ಲೈಬ್ರರಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯೂ, ಅದಕ್ಕೂ ಮೇಲೆ ನನ್ನ ಅಕ್ಕ, ಎಲ್ಲರ ತಲೆಯ ಮೇಲೆ ತಾರಸಿ. ಅಕ್ಕ ಹೆರಿಗೆ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು. ತಾರಸಿಯ ಬಿಸಿಲು ಬೀಳುವ ಅರ್ಧದಲ್ಲಿ ಅವಳ ಡೇಲಿಯಾ, ಮೆಣಸಿನ ಗಿಡ, ದಾಸವಾಳಗಳು ಸಾಲಾಗಿ, ವಾರ್ಡಿನ ಮಂಚಗಳಂತೆ ಒಂದೊಂದರ ನಡುವೆ ಒಂದೇ ಅಳತೆಯ ಜಾಗ ಬಿಟ್ಟು ನಿಂತಿವೆ. ಉಳಿದರ್ಧದಲ್ಲಿ ನನ್ನ ಐದು ಕುಂಡಗಳು.

ತಾವು ದಯಮಾಡಿಸಿದ ಕಾಲಕ್ಕೆ ನಾನೂ ಅಕ್ಕನೂ ಮಾತು ಬಿಟ್ಟು ಹತ್ತೊಂಬತ್ತು ತಿಂಗಳಾಗಿತ್ತು. ತಮ್ಮ ಮೇಲಿನ ದೂರಿಗೆ ಬರುವ ಮೊದಲು ಈ ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಇದು ತಮಗೆ ತಿಳಿಯದೆ ತಾವು ಕೈ ಹಾಕಿದ ವಿಷಯ.

ಅಕ್ಕನ ಬಳಿ ಒಂದು ಬಿಳಿ ಗುಲಾಬಿ ಗಿಡವಿತ್ತು. ಭಾವ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಎರಡು ನಿಮಿಷವೂ ರೈಲು ನಿಲ್ಲದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಸ್ಟೇಷನ್ ಮಾಸ್ತರರ ಗಿಡದಿಂದ ಒಂದು ಕಡ್ಡಿ ಮುರಿದು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದು ನೆಟ್ಟಿದ್ದರು. ಕಡ್ಡಿ ಚಿಗುರಿತು, ಗಿಡವಾಯಿತು, ಹದಿನಾಲ್ಕು ವರ್ಷ ಹೂ ಕೊಟ್ಟಿತು. ಭಾವ ತೀರಿಕೊಂಡ ವರ್ಷವೂ ಕೊಟ್ಟಿತು. ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಅಕ್ಕ ಇಪ್ಪತ್ತಮೂರು ದಿನ ಊರು ಬಿಟ್ಟಾಗ, ಗಿಡಗಳನ್ನು ನನಗೆ ಒಪ್ಪಿಸಿ ಹೋದಳು. ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಬೇಕೆಂದು ಚೀಟಿಯನ್ನೂ ಬರೆದಿಟ್ಟಿದ್ದಳು. ಆದರೆ ಬಿಸಿಲು ಕಂಡರೆ ಸಾಕು, ನನಗೆ ಗಿಡಗಳ ಮೇಲೆ ಕರುಣೆ ಉಕ್ಕುತ್ತಿತ್ತು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್. ಎಲೆ ಹಳದಿಯಾದಾಗ ಪಾಪ, ಬಾಯಾರಿಕೆಯೆಂದು ಮಧ್ಯಾಹ್ನವೂ ಒಂದು ಚೊಂಬು ಹೆಚ್ಚಿಗೆ ಹಾಕಿದೆ. ಹದಿನೇಳನೆಯ ದಿನ ಗಿಡವನ್ನು ಹಿಡಿದು ಎಳೆದರೆ ಬೇರು ಕೈಗೆ ಬಂತು, ಕೊಳೆತ ನೂಲಿನ ಹಾಗೆ.

ಮಾನ್ಯರೇ, ಆಗ ನಾನು ಅಕ್ಕನಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನರ್ಸರಿಗೆ ಹೋಗಿ ಅದೇ ಎತ್ತರದ ಒಂದು ಗುಲಾಬಿ ತಂದು, ಅದೇ ಕುಂಡಕ್ಕೆ ನೆಟ್ಟು, ಮೇಲೆ ಹಳೆಯ ಮಣ್ಣನ್ನೇ ಉದುರಿಸಿಟ್ಟೆ. ಬಿಳಿಯದೇ ಎಂದು ನರ್ಸರಿಯವರು ಹೇಳಿದ್ದರು. ಅಕ್ಕ ಬಂದಳು, ನೋಡಿದಳು, ಚೆನ್ನಾಗಿ ನೋಡಿಕೊಂಡಿದ್ದೀಯ ಎಂದಳು. ನಾನು ಹಲ್ಲು ಬಿಟ್ಟೆ. ನಾಲ್ಕು ತಿಂಗಳ ಮೇಲೆ ಆ ಗಿಡ ಮೊದಲ ಹೂ ಬಿಟ್ಟಿತು, ನಸುಗೆಂಪು ಬಣ್ಣದ್ದು. ಅಂದು ಬೆಳಿಗ್ಗೆ ಅಕ್ಕ ಅಂಗಡಿಗೆ ಇಳಿದು ಬಂದು, ಗಿರಾಕಿಗಳ ಗಡಿಯಾರಗಳಿದ್ದ ಗಾಜಿನ ಮೇಜಿನ ಮೇಲೆ ಆ ಹೂವನ್ನಿಟ್ಟು, ಒಂದು ಮಾತೂ ಆಡದೆ ಹೊರಟುಹೋದಳು. ಅಂದಿನಿಂದ ನಮ್ಮಿಬ್ಬರ ನಡುವೆ ಏನೇ ತಿಳಿಸಬೇಕಿದ್ದರೂ ನನ್ನ ಹೆಂಡತಿಯ ಮೂಲಕವೇ ಹೋಗಬೇಕು. ಅವಳೂ ವರ್ಷದ ಹೊತ್ತಿಗೆ ಬೇಸತ್ತು, "ನಾನು ಪುಸ್ತಕ ಕೊಟ್ಟು ತಗೊಳ್ಳೋ ಕೆಲ್ಸಕ್ಕೆ ಸೇರಿದ್ದು, ಮಾತು ಕೊಟ್ಟು ತಗೊಳ್ಳೋದಕ್ಕಲ್ಲ" ಎಂದು ಕೈಚೆಲ್ಲಿದಳು.

ಈ ಬೇಸಿಗೆ ನಾನು ಬೀನ್ಸ್ ಹಾಕಿದ್ದು ಬೀನ್ಸಿನ ಆಸೆಗಲ್ಲ. ಒಂದು ಜೀವವನ್ನಾದರೂ ಸಾಯಿಸದೆ ಬೆಳೆಸಬಲ್ಲೆನೆಂದು ಯಾರಿಗೂ ಹೇಳದೆ ತೋರಿಸಬೇಕಿತ್ತು. ಯಾರಿಗೂ ಎಂದರೆ ಮೇಲಿನ ಮಹಡಿಗೆ. ಬಳ್ಳಿ ಬೇಗ ಹಬ್ಬಲೆಂದು ಡಬ್ಬಿಯಲ್ಲಿದ್ದ ಗೊಬ್ಬರವನ್ನು ಹೇಳಿದ್ದಕ್ಕಿಂತ ಮೂರು ಪಟ್ಟು ಹಾಕಿದೆ. ಬಳ್ಳಿ ಬೆಣ್ಣೆಯಂಥ ಚಿಗುರು ಬಿಟ್ಟಿತು. ಹಾಗೆ ರಸ ತುಂಬಿದ ಎಳೆ ಚಿಗುರೆಂದರೆ ತಮ್ಮ ಮನೆತನಕ್ಕೆ ಕೈ ಹಿಡಿದು ಊಟಕ್ಕೆ ಕರೆದ ಹಾಗೆಂಬುದು ನನಗೇನು ಗೊತ್ತು. ಒಂದು ಬೆಳಿಗ್ಗೆ ನೋಡಿದರೆ ತುದಿಯ ಮೇಲೆ ಯಾರೋ ಕರಿಮೆಣಸಿನ ಪುಡಿ ಚೆಲ್ಲಿದ ಹಾಗಿತ್ತು. ಅಂಗಡಿಯಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತಂದು ಎಲೆ ಮಗುಚಿದೆ. ಪುಡಿ ನಡೆಯುತ್ತಿತ್ತು. ಅದರಲ್ಲೊಂದು ನನ್ನ ಕಣ್ಣ ಮುಂದೆಯೇ, ಸೊಂಡಿಲನ್ನು ಎಲೆಯಿಂದ ತೆಗೆಯದೆ, ಊಟ ಮಾಡುತ್ತಲೇ ಒಂದು ಮರಿ ಹೆತ್ತಿತು. ಸೂಲಗಿತ್ತಿಯಿಲ್ಲ, ಬಿಸಿನೀರಿಲ್ಲ, ಬಂಧುಗಳ ಓಡಾಟವಿಲ್ಲ. ಕೆಲಸದಲ್ಲಿ ಇಂಥ ಅಚ್ಚುಕಟ್ಟನ್ನು ನಾನು ದುಬಾರಿ ಗಡಿಯಾರಗಳಲ್ಲೂ ಕಂಡವನಲ್ಲ.

ಮೆಚ್ಚುಗೆ ಬೇರೆ, ಬಳ್ಳಿ ಬೇರೆ. ಪಕ್ಕದ ಅಂಗಡಿಯ ಕ್ಷೌರಿಕನನ್ನು ಕೇಳಿದೆ. ಅವನು ಕತ್ತರಿ ನಿಲ್ಲಿಸದೆ, "ಹೇನಿಗೆ ನನ್ನ ಹತ್ರ ಔಷಧಿ ಇದೆ, ಆದ್ರೆ ಗಿರಾಕಿಗೆ ತಲೆ ಇರ್ಬೇಕು" ಎಂದ. ಕುರ್ಚಿಯಲ್ಲಿ ಕೂತಿದ್ದವರು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಸೋಸಿ ಸಿಂಪಡಿಸಬೇಕೆಂದರು. ಎಷ್ಟು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮುಷ್ಟಿ ತುಂಬ ಮೆಣಸಿನಕಾಯಿ ಅರೆದು, ನೀರು ಕಡಿಮೆ ಮಾಡಿ, ನಡು ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಗಾಳಿ ನನ್ನ ಕಡೆಗೆ ಬೀಸುತ್ತಿದ್ದಾಗ ಸಿಂಪಡಿಸಿದೆ. ಸಂಜೆಗೆ ಎಲೆಗಳ ಅಂಚು ಕಾಗದ ಸುಟ್ಟಂತೆ ಕಂದಿತ್ತು. ನನ್ನ ಕಣ್ಣು ಎರಡು ದಿನ ಸರಿಯಾಗಿ ತೆರೆಯಲಿಲ್ಲ. ಒಂದು ಕೈಗಡಿಯಾರಕ್ಕೆ ನಿಮಿಷದ ಮುಳ್ಳನ್ನು ಗಂಟೆಯ ಜಾಗದಲ್ಲಿ ಕೂರಿಸಿ ಕೊಟ್ಟೆ. ತಾವೆಲ್ಲ ಎಲೆಯ ಹಿಂದೆ ನೆರಳಲ್ಲಿ, ಮಳೆ ನಿಲ್ಲಲೆಂದು ಕಾಯುವವರಂತೆ ಕೂತಿದ್ದು, ಆಮೇಲೆ ಊಟ ಮುಂದುವರಿಸಿದಿರಿ.

ಅದರ ಮರುದಿನ ಬಳ್ಳಿಯಲ್ಲಿ ಬೇರೊಂದು ಪ್ರಾಣಿ ಕಂಡಿತು. ಮೊಸಳೆಯನ್ನು ಅಕ್ಕಿಕಾಳಿನಷ್ಟಕ್ಕೆ ಕುಗ್ಗಿಸಿದ ಹಾಗೆ, ಕಪ್ಪು ಮೈ, ಮೇಲೆ ಕಿತ್ತಳೆ ಚುಕ್ಕೆ, ನೋಡಿದರೇ ಕೆಡುಕೆನಿಸುವ ರೂಪ. ಎಲ್ಲ ಅನಾಹುತಕ್ಕೂ ಇವೇ ಮೂಲವೆಂದು ತೀರ್ಮಾನಿಸಿ, ಚಿಮಟದಿಂದ ಒಂದೊಂದನ್ನೇ ಹೆಕ್ಕಿದೆ. ಹನ್ನೊಂದು ಸಿಕ್ಕವು. ಈ ಉಪಕಾರಕ್ಕೆ ತಾವು ನನಗೆ ಇಂದಿಗೂ ಧನ್ಯವಾದ ಹೇಳಿಲ್ಲವೆಂಬುದನ್ನು ಈ ಸಂದರ್ಭದಲ್ಲಿ ವಿನಯದಿಂದ ಜ್ಞಾಪಿಸುತ್ತೇನೆ.

ಅಷ್ಟರಲ್ಲಿ ಬಳ್ಳಿಯಲ್ಲಿ ಜಾಗ ಸಾಲದೆ ತಮ್ಮಲ್ಲಿ ಕೆಲವರಿಗೆ ರೆಕ್ಕೆ ಮೂಡಿತು. ರೆಕ್ಕೆ ಬಂದವರು ಎಲ್ಲಿಗಾದರೂ ಹೋಗಬಹುದಿತ್ತು, ಆಕಾಶ ಎಷ್ಟು ದೊಡ್ಡದು. ತಾವು ಹದಿನೆಂಟು ಅಡಿ ದಾಟಿ ಅಕ್ಕನ ಡೇಲಿಯಾದ ಮೇಲೆ ಇಳಿದಿರಿ.

ಗುರುವಾರ ಬೆಳಿಗ್ಗೆ ನಾನು ಕುಂಡಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಹಿಂದೆ ಚಪ್ಪಲಿಯ ಸದ್ದು ನಿಂತಿತು. ಹತ್ತೊಂಬತ್ತು ತಿಂಗಳ ಮೇಲೆ ಅಕ್ಕ ನನ್ನೊಂದಿಗೆ ಆಡಿದ ಮೊದಲ ಮಾತನ್ನು ಇಲ್ಲಿ ಇದ್ದ ಹಾಗೆ ದಾಖಲಿಸುತ್ತೇನೆ.

"ನಿನ್ನ ಹೇನು ನನ್ನ ಕಡೆ ಬಂದಿವೆ."

ನಾನು ಎದ್ದು ನಿಂತೆ. "ನಂದೇ ಅಂತ ಹೇಗೆ ಹೇಳ್ತೀಯ?" ಎಂದುಬಿಟ್ಟೆ. ಅಕ್ಕ ನನ್ನ ಮುಖ ನೋಡಲಿಲ್ಲ, ಬಳ್ಳಿಯನ್ನು ನೋಡಿದಳು. ಸುಟ್ಟ ಅಂಚು, ಮುದುಡಿದ ತುದಿ, ಅಂಟಂಟಾದ ಎಲೆ, ಕಾಂಡದ ಮೇಲೆ ಸಾಲುಗಟ್ಟಿ ಏರುತ್ತಿದ್ದ ಇರುವೆ, ಎಲ್ಲವನ್ನೂ ನೋಡಿದಳು. ಮೂವತ್ತಾರು ವರ್ಷ ವಾರ್ಡು ನೋಡಿದವಳಿಗೆ, ಎದುರಿಗೆ ಹೀಗೊಂದು ರೋಗಿ ಮಲಗಿರುವಾಗ ಬೆನ್ನು ತಿರುಗಿಸಿ ಹೋಗಲು ಆಗಲಿಲ್ಲ. ಸಿಟ್ಟು ಒಂದು ಕಡೆ, ಡ್ಯೂಟಿ ಒಂದು ಕಡೆ.

"ಪೈಪ್ ತಗೊಂಡ್ ಬಾ" ಎಂದಳು.

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಗಳನ್ನು ಎಡಗೈಯಲ್ಲಿ ಮಗುಚಿ ಹಿಡಿದು, ಕೆಳಗಿನಿಂದ ಮೇಲಕ್ಕೆ ನೀರು ಚಿಮ್ಮಿಸಿದಳು. ತಮ್ಮಲ್ಲಿ ಅರ್ಧಕ್ಕರ್ಧ ಜನ ಅಂದೇ ತಾರಸಿಯ ಮೋರಿ ಸೇರಿದಿರಿ. ಉಳಿಯುವ ಆಸೆಯಿಲ್ಲದ ತುದಿಗಳನ್ನು ಚಿವುಟಿ, ಚೀಲದಲ್ಲಿ ಕಟ್ಟಿ, ಕಸಕ್ಕೆ ಹಾಕಿಸಿದಳು. ಸಂಜೆ ಬಿಸಿಲು ಇಳಿದ ಮೇಲೆ ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಕೈ ತೊಳೆಯುವ ಮೆದು ಸೋಪಿನ ದ್ರವ ಬೆರೆಸಿ, ಮೊದಲು ಒಂದೇ ಎಲೆಗೆ ಹಚ್ಚಿ, ಇಡೀ ದಿನ ಕಾದಳು. ಎಲೆ ಬಾಡಲಿಲ್ಲವೆಂದಾದ ಮೇಲೆ ಮಿಕ್ಕ ಎಲೆಗಳಿಗೆ, ಹಿಂಬದಿಗೆ ಮೊದಲು. ಬಟ್ಟೆ ಒಗೆಯುವ ಪುಡಿಯನ್ನೇ ಹಾಕಿದರೆ ಇನ್ನೂ ಬೇಗವಲ್ಲವೇ ಎಂದು ನಾನು ಕೇಳಿದೆ. "ಮಗುಗೆ ಸ್ನಾನ ಮಾಡ್ಸು ಅಂದ್ರೆ ನೀನು ಬಟ್ಟೆ ಕಲ್ಲಿಗೆ ಹೊಡೀತೀಯ" ಎಂದಳು. ಬೇವಿನೆಣ್ಣೆ ವಾರಕ್ಕೊಂದು ಸಲ, ಅದೂ ಸಂಜೆ, ಹೂವಿಗೆ ಜೇನ್ನೊಣ ಬರುವ ಹೊತ್ತಿನಲ್ಲಿ ಬಾಟಲಿಯನ್ನು ಮುಟ್ಟಲೇಬಾರದು ಎಂದು ಕಟ್ಟಪ್ಪಣೆಯಾಯಿತು.

ನಾನು ಹನ್ನೊಂದು ಮೊಸಳೆಗಳ ಸಾಹಸವನ್ನು ಹೆಮ್ಮೆಯಿಂದ ವರ್ಣಿಸಿದ್ದು ಆಗಲೇ. ಅಕ್ಕ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. ಅವು ಗುಲಗಂಜಿ ಹುಳುವಿನ ಮರಿಗಳೆಂದೂ, ಒಂದೊಂದೂ ದಿನಕ್ಕೆ ತಮ್ಮಂಥ ಹತ್ತಾರು ಮಂದಿಯನ್ನು ತಿಂದು ಮುಗಿಸುತ್ತವೆಂದೂ ಹೇಳಿ, "ಕಳ್ಳರನ್ನ ಬಿಟ್ಟು ಪೊಲೀಸ್ನೋರನ್ನ ಸಾಯಿಸಿದ್ದೀಯಲ್ಲೋ" ಎಂದಳು. ಆ ವಾಕ್ಯದ ಕೊನೆಯಲ್ಲಿ ಒಂದು 'ಲೋ' ಇತ್ತು, ಮಾನ್ಯರೇ. ಹತ್ತೊಂಬತ್ತು ತಿಂಗಳಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಬೈಸಿಕೊಂಡು ಇಷ್ಟು ಸಂತೋಷವಾದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಇರುವೆಗಳ ವಿಷಯದಲ್ಲಿ ಮಾತ್ರ ನಾನು ತಲೆಯೆತ್ತಿ ನಡೆಯಬಲ್ಲೆ. ತಮ್ಮ ಮೈಯಿಂದ ಜಿನುಗುವ ಸಿಹಿ ರಸದ ಆಸೆಗೆ ಇರುವೆಗಳು ತಮ್ಮನ್ನು ಹಸು ಸಾಕಿದ ಹಾಗೆ ಸಾಕಿ, ಗುಲಗಂಜಿ ಹುಳುಗಳನ್ನು ಓಡಿಸುತ್ತವೆ; ಇರುವೆ ನಿಲ್ಲದೆ ಹೇನು ನಿಲ್ಲುವುದಿಲ್ಲವೆಂದು ಅಕ್ಕ ಹೇಳಿದ್ದಳು. ಕುಂಡಗಳನ್ನು ಇಟ್ಟಿಗೆಯ ಮೇಲಿಟ್ಟು, ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಿದೆವು. ಆದರೂ ಇರುವೆಗಳು ಬಂದವು. ಎಲ್ಲಿಂದ ಎಂದು ಅಕ್ಕ ಎರಡು ದಿನ ತಲೆ ಕೆಡಿಸಿಕೊಂಡಳು. ನಾನು ಭೂತಗನ್ನಡಿ ಸಿಕ್ಕಿಸಿಕೊಂಡು, ಚಕ್ರಕ್ಕೆ ಚಕ್ರ ಹಿಡಿದು ದೋಷ ಹುಡುಕುವ ಹಾಗೆ ಒಂದೇ ಇರುವೆಯ ಬೆನ್ನು ಹತ್ತಿದೆ. ಬಳ್ಳಿ ಹಬ್ಬಲೆಂದು ತಾರಸಿಯ ಗೋಡೆಗೆ ಕಟ್ಟಿದ್ದ ದಾರದ ಮೇಲೆ ಅವು ಸರ್ಕಸ್ಸಿನವರಂತೆ ನಡೆದು ಬರುತ್ತಿದ್ದವು. ಒಡೆದ ಹಿಮ್ಮಡಿಗೆ ಹಚ್ಚುವ ಜೆಲ್ಲಿಯನ್ನು ದಾರಕ್ಕೆ ಬಳಿದೆ. ದಾರಿ ಬಂದ್ ಆಯಿತು. ಮರುದಿನ ಅಕ್ಕ ತನ್ನ ಡೇಲಿಯಾದ ಕೋಲುಗಳಿಗೂ ಜೆಲ್ಲಿ ಹಚ್ಚಿದ್ದು ಕಂಡೆ.

ಇನ್ನು ಹೇಳಲು ಕಷ್ಟವಾದ ಭಾಗ.

ಒಂದು ಬೆಳಿಗ್ಗೆ ಅಕ್ಕ ಬಾಟಲಿ ಕೈಗೆತ್ತಿಕೊಳ್ಳುವ ಬದಲು ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಕುಂಡದ ಮಣ್ಣಿಗೆ ಇಳಿಸಿ, ತೆಗೆದು, ಬೆರಳನ್ನೇ ನೋಡುತ್ತಾ ಕೇಳಿದಳು: "ನೀರು ಎಷ್ಟ್ ಸಲ ಹಾಕ್ತೀಯ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೂ ಇತ್ತು. "ದಿನಾ ಎರಡು ಸಲ" ಎಂದೆ. ಆಮೇಲೆ, ಬಾಯಿ ಹೇಗೂ ತೆರೆದಿದೆಯಲ್ಲ ಎಂದು, "ಆಗ್ಲೂ ಅಷ್ಟೇ ಹಾಕಿದ್ದೆ ಅಕ್ಕ. ಭಾವನ ಗಿಡ ನಾನೇ ಕೊಳೆಸಿದ್ದು. ನಿನಗೆ ಹೇಳೋಕೆ ಧೈರ್ಯ ಸಾಲ್ಲಿಲ್ಲ" ಎಂದೆ.

ಅಕ್ಕ ಬೆರಳಿನ ಮಣ್ಣನ್ನು ಕುಂಡದ ಅಂಚಿಗೆ ಒರೆಸಿದಳು.

"ಗಿಡ ಸತ್ತಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ನನ್ನ ಕೈಲೂ ಎಷ್ಟೋ ಸತ್ತಿವೆ. ದಿನಾ ಬೆಳಿಗ್ಗೆ ಅದರ ಹತ್ರ ಕೂತು ಅವರ ಜೊತೆ ಮಾತಾಡ್ತಿದ್ದೆ ನಾನು. ಮಗಳ ಮಗು ಹೇಗಿದೆ, ಯಾರ ಥರ ಮೂಗು, ನನ್ನ ಮಂಡಿನೋವು, ಎಲ್ಲ. ನಾಲ್ಕು ತಿಂಗಳು ಯಾವುದೋ ಗುರುತಿಲ್ಲದ ಗಿಡದ ಹತ್ರ ಮನೆ ವಿಷಯ ಎಲ್ಲ ಹೇಳ್ಕೊಂಡಿದ್ದೀನಿ."

ಹತ್ತೊಂಬತ್ತು ತಿಂಗಳು ನಾನು ಒಂದು ಗಿಡದ ಲೆಕ್ಕದಲ್ಲಿ ತಪ್ಪಿತಸ್ಥನೆಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದನ್ನು ಕೊಂದಿದ್ದೆನೆಂದು ತಿಳಿದದ್ದು ಆಗ. ಕ್ಷಮಿಸು ಎಂದೆ, ಎರಡು ಸಲ ಎಂದೆ. ಅಕ್ಕ ಡೇಲಿಯಾದ ಕಡೆ ತಿರುಗಿದಳು. ಆಮೇಲೆ ಅವಳ ಭುಜ ಅಲುಗಾಡಿತು. ಅಳುತ್ತಿದ್ದಾಳೆಂದುಕೊಂಡು ಹತ್ತಿರ ಹೋದರೆ ನಗುತ್ತಿದ್ದಳು. "ಪಾಪ, ಆ ಗಿಡಕ್ಕೆ ಏನನ್ನಿಸಿತ್ತೋ. ಬಂದ ಮನೇಲಿ ಮೊದಲ ದಿನಾನೇ ಮಂಡಿನೋವಿನ ಕಥೆ" ಎಂದಳು. ನಾನೂ ನಕ್ಕೆ. ನಗುವಿನ ಸದ್ದಿಗೆ ಹೆಂಡತಿ ಮೆಟ್ಟಿಲ ತುದಿಯವರೆಗೆ ಬಂದು, ನಮ್ಮಿಬ್ಬರನ್ನು ನೋಡಿ, ಬಂದ ಹಾಗೆಯೇ ಇಳಿದುಹೋದಳು.

ಇಲ್ಲಿಂದ ನನ್ನ ನಿಜವಾದ ದೂರು ಆರಂಭವಾಗುತ್ತದೆ. ಅಂದಿನಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಅಕ್ಕ ನಮ್ಮ ಬಾಗಿಲು ಬಡಿಯುತ್ತಾಳೆ. ಎಲೆಗಳ ಹಿಂಬದಿ ತಪಾಸಣೆ, ನೀರಿನ ತಪಾಸಣೆ, ನನ್ನ ಉಗುರಿನ ತಪಾಸಣೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಬಂದು, ಬೆರಳು ಇಳಿಸಿ ನೋಡಿದೆಯೋ ಇಲ್ಲವೋ ಎಂದು ಕೇಳುತ್ತಾಳೆ, ಗಿರಾಕಿಗಳು ಗಾಬರಿಯಿಂದ ತಮ್ಮ ಗಡಿಯಾರಗಳನ್ನು ನೋಡಿಕೊಳ್ಳುತ್ತಾರೆ. ಗೊಬ್ಬರದ ಡಬ್ಬಿಯನ್ನು ಕಿತ್ತುಕೊಂಡು ಬೀಗ ಹಾಕಿಟ್ಟಿದ್ದಾಳೆ. ಬಂಧುಗಳೆಲ್ಲ ಸೇರಿ ವರ್ಷವಿಡೀ ಪಂಚಾಯಿತಿ ಮಾಡಿ ಆಗದ್ದನ್ನು, ಸಾಸಿವೆಗಿಂತ ಸಣ್ಣ ಮೈಯವರು, ತಲೆ ಕೂಡ ಎತ್ತದೆ, ಮೂರೇ ವಾರದಲ್ಲಿ ಮಾಡಿ ಮುಗಿಸಿದಿರಿ. ಇಷ್ಟು ಮಾಡಿದ ಮೇಲೆ, ಕಳೆದ ಭಾನುವಾರ, ಒಂದು ಮಾತೂ ಹೇಳದೆ ಹೊರಟುಹೋದಿರಿ. ಇದು ಯಾವ ಮರ್ಯಾದೆ?

ಅಂದು ಆರಕ್ಕೆ ಮೊದಲೇ ಎದ್ದು ಐದೂ ಕುಂಡಗಳ ಎಲೆ ಎಲೆ ಮಗುಚಿದೆ. ಒಬ್ಬರೂ ಇಲ್ಲ. ಚಿಗುರು ನೆಟ್ಟಗಾಗಿದೆ, ಹೂ ಕಚ್ಚಿದೆ, ಬೆರಳುದ್ದದ ಕಾಯಿ ಇಳಿಬಿದ್ದಿದೆ. ಸಂತೋಷಪಡಬೇಕಾದ ಹೊತ್ತಿನಲ್ಲಿ ಮೊದಲ ಕುಂಡದಿಂದ ಮತ್ತೆ ಹುಡುಕತೊಡಗಿದೆ. ರೋಗಿ ಗುಣವಾದ ಮೇಲೆ ನರ್ಸ್ ಏಕೆ ಬರುತ್ತಾಳೆ? ಇಪ್ಪತ್ತು ಮಂದಿಗೆ ಮೀರದ ಒಂದು ಕುಟುಂಬ ಖಾಯಮ್ಮಾಗಿ ಉಳಿಯಲು ಸಾಧ್ಯವೇ, ಹೆರಿಗೆಯನ್ನು ವಾರಕ್ಕೊಂದಕ್ಕೆ ಮಿತಿಗೊಳಿಸಲು ಆಗುವುದೇ, ಒಂದೇ ಎಲೆಯಲ್ಲಿ ಕಣ್ಣಿಗೆ ಕಾಣುವಷ್ಟು ಮಾತ್ರ ತಿಂದು ಅಕ್ಕ ಬರುವ ಹೊತ್ತಿಗೆ ಹಾಜರಿ ಹಾಕಲು ಒಪ್ಪುವಿರೇ ಎಂದು ಮನಸ್ಸಿನಲ್ಲೇ ಮನವಿ ಸಿದ್ಧಪಡಿಸಿದೆ. ಉತ್ತರ ಕೊಡಲು ತಾವಿರಲಿಲ್ಲ.

ಅಂಗಡಿಯ ಪಕ್ಕದ ಚರಂಡಿಯ ಅಂಚಿನಲ್ಲಿ ಒಂದು ಕಳೆಗಿಡವಿದೆ, ಅದರ ತುಂಬ ತಮ್ಮ ದಾಯಾದಿಗಳಿದ್ದಾರೆ. ಚಿಮಟ ಹಿಡಿದು ಇಳಿದು ಹೋದೆ. ಒಂದು ಎಲೆ, ಏಳೆಂಟು ಹೇನು, ಅಷ್ಟೇ ಸಾಕಿತ್ತು. ಎಲೆ ಕಿತ್ತು ತಿರುಗಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ಚಿಮಟ ನೋಡಿದಳು, ಎಲೆ ನೋಡಿದಳು.

"ಮತ್ತೆ ಗಿಡ ಬದಲಾಯಿಸ್ತಾ ಇದ್ದೀರಾ?" ಎಂದಳು, ಮೆಲ್ಲಗೆ.

ಎಲೆಯನ್ನು ಅಲ್ಲೇ ಬಿಟ್ಟು ತಾರಸಿ ಹತ್ತಿದೆ. ಅಕ್ಕ ಬಂದಾಗ ಮೂರನೆಯ ಕುಂಡದ ಮುಂದೆ ನಿಂತು, "ಒಂದೂ ಇಲ್ಲ ಅಕ್ಕ. ಎಲ್ಲ ಹೋಗಿವೆ" ಎಂದೆ.

ಅವಳು ನಂಬದೆ ಕನ್ನಡಕ ಏರಿಸಿ ತಾನೇ ಎಲೆ ಮಗುಚಿದಳು. ನಾಲ್ಕು ಕಡೆ ಮಗುಚಿದಳು. ಆಮೇಲೆ "ಹೂಂ" ಎಂದು ಕೆಳಗೆ ಹೋದಳು. ಮುಗಿಯಿತು ಎಂದುಕೊಂಡು ನಾನು ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಐದು ನಿಮಿಷದಲ್ಲಿ ಅವಳು ಏದುಸಿರು ಬಿಡುತ್ತಾ ಮತ್ತೆ ಹತ್ತಿ ಬಂದಳು. ಕೈಯಲ್ಲಿ ಒಂದು ಟ್ರೇ, ಅದರ ತುಂಬ ಬದನೆಯ ಸಸಿಗಳು. ಅವನ್ನು ಮೊಳಕೆ ಬರಿಸಿ ಇಷ್ಟೆತ್ತರ ಮಾಡಲು ಒಂದು ತಿಂಗಳಾದರೂ ಹಿಡಿದಿರಬೇಕು.

"ಬದನೆಗೆ ಬಿಳಿ ನೊಣ ಬರುತ್ತೆ, ಕಾಯಿಕೊರಕ ಬರುತ್ತೆ, ಜೇಡನುಸಿ ಬರುತ್ತೆ" ಎಂದು ಟ್ರೇಯನ್ನು ನನ್ನ ಮಡಿಲಿಗಿಟ್ಟಳು. "ಒಂದಲ್ಲ ಒಂದು ಇದ್ದೇ ಇರುತ್ತೆ. ಏಳು, ಕುಂಡ ತೊಳಿ."

ಆದ್ದರಿಂದ ಮಾನ್ಯರೇ, ಮರಳಿ ಬನ್ನಿರೆಂದು ಕೋರಲು ಕೂತಿದ್ದ ನಾನು ಆ ಕೋರಿಕೆಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ತಾವು ಎಲ್ಲಿದ್ದರೂ ಅಲ್ಲಿಯೇ ಸುಖವಾಗಿರಿ. ತಮ್ಮ ಸೇವೆಯನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ, ದೂರದಿಂದ.

ಇಷ್ಟೆಲ್ಲ ಆದ ಮೇಲೂ, ಹೇಗೋ,
ತಮ್ಮ ವಿಶ್ವಾಸಿಯೇ ಆದ
ಗಡಿಯಾರ ರಿಪೇರಿಯವನು

ತಾ.ಕ.: ಎದುರು ಸಾಲಿನ ಕನ್ನಡಕದಂಗಡಿಯ ಅಣ್ಣತಮ್ಮಂದಿರು ಒಂದೇ ತಾರಸಿಯ ಮೇಲೆ ಎರಡು ಗೋಡೆಗೆ ಮುಖ ಮಾಡಿ ಗಿಡ ಬೆಳೆಸುತ್ತಾರೆ, ಮಾತಾಡಿ ಒಂಬತ್ತು ವರ್ಷವಾಯಿತಂತೆ. ಅಲ್ಲಿ ತಮ್ಮ ಅಗತ್ಯ ತುರ್ತಾಗಿದೆ. ಸಕುಟುಂಬರಾಗಿ, ಸಾಧ್ಯವಾದರೆ ಇವತ್ತೇ, ಅಲ್ಲಿಗೆ ದಯಮಾಡಿಸಬೇಕು; ದಾರಿ ತಿಳಿಯದಿದ್ದರೆ ಇರುವೆಗಳನ್ನು ಕೇಳಿ. ಆದರೆ ರಸ್ತೆ ದಾಟುವಾಗ ನಮ್ಮ ಬದನೆಯ ಕಡೆ ತಿರುಗಿಯೂ ನೋಡಕೂಡದು. ಅಕ್ಕ ನೋಡುತ್ತಿರುತ್ತಾಳೆ.